ಇಪ್ಪತ್ತನಾಲ್ಕು ಜೋಡಿ ಬಳೆಗಳು

ಸುಜಾಕಾ ಊರಿನ ಮಿನೊಚಿ ಕೊಗಾಕು ಕಾರ್ಖಾನೆಯಲ್ಲಿ, ಎರಡನೇ ಮಹಡಿಯ ಉತ್ತರದ ಕಿಟಕಿಗೆ ಅಂಟಿಕೊಂಡ ಮೇಜು ಕುರಾಶಿನಾ ತೊಮಿಯೆ ಅವರದು. ಮೂವತ್ತನಾಲ್ಕು ವರ್ಷಗಳಿಂದ ಅವರು ಅಲ್ಲಿ ಕೂರುತ್ತಿದ್ದಾರೆ. ಮೇಜಿನ ಮೇಲೆ ಹೆಚ್ಚಿನ ಸಾಮಾನಿಲ್ಲ. ಗ್ರೀಸಿನ ಮೂರು ಡಬ್ಬಿ, ಬಿದಿರಿನ ಕಡ್ಡಿಗಳು, ನೂಲು ಬಿಡದ ಬಟ್ಟೆ, ಬಿಗಿ ಅಳೆಯುವ ಒಂದು ಮೀಟರು. ಮುಖ್ಯವಾದ ಸಲಕರಣೆ ಅವರ ಬಲಗೈಯ ಮೂರು ಬೆರಳು ಎಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಬೆರಳುಗಳು ನವೆಂಬರಿನಿಂದ ಜೋಮು ಹಿಡಿಯುತ್ತಿವೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಿನೊಚಿಯಲ್ಲಿ ತಯಾರಾಗುವುದು ಕೈಯಿಂದ ಫೋಕಸ್ ಮಾಡುವ ಲೆನ್ಸುಗಳು. ಮೋಟಾರಿಲ್ಲ, ತಂತಿಯಿಲ್ಲ. ಲೆನ್ಸಿನ ಮೈಮೇಲಿನ ಪಟ್ಟಿಯನ್ನು ಬೆರಳಲ್ಲಿ ತಿರುಗಿಸಿದರೆ ಒಳಗಿನ ಗಾಜುಗಳು ಮುಂದಕ್ಕೋ ಹಿಂದಕ್ಕೋ ಸರಿಯುತ್ತವೆ, ಅಷ್ಟೇ. ಆ ಸರಿದಾಟವೆಲ್ಲ ನಡೆಯುವುದು ಒಂದರೊಳಗೊಂದು ಕೂತ ಎರಡು ಬಳೆಗಳ ಥ್ರೆಡ್ಡಿನ ಮೇಲೆ. ಒಳಬಳೆ ಅಲ್ಯೂಮಿನಿಯಂ, ಹೊರಬಳೆ ಹಿತ್ತಾಳೆ. ಎರಡನ್ನೂ ಯಂತ್ರವೇ ಕೊರೆಯುತ್ತದೆ. ಆದರೆ ಯಂತ್ರದಿಂದ ಬಂದ ಬಳೆಗಳು ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ. ಒಂದು ಕಡೆ ತಡೆಯುತ್ತವೆ, ಇನ್ನೊಂದು ಕಡೆ ಸಡಿಲ. ಅವುಗಳ ನಡುವೆ ಹಿಟ್ಟಿನಷ್ಟು ನುಣುಪಾದ ಉಜ್ಜುವ ಪೇಸ್ಟು ಹಚ್ಚಿ, ಕೈಯಲ್ಲಿ ಹಿಡಿದು, ಮುಂದೆ ಹಿಂದೆ ಇನ್ನೂರು ಸಲ ತಿರುಗಿಸಿ, ಎರಡೂ ಥ್ರೆಡ್ಡುಗಳು ಒಪ್ಪುವ ತನಕ ಸವೆಸುವುದು ತೊಮಿಯೆ ಅವರ ಕೆಲಸ. ಹೀಗೆ ಸವೆದ ಒಳಬಳೆ ಆಮೇಲೆ ತನ್ನ ಹೊರಬಳೆಯನ್ನು ಬಿಟ್ಟು ಬೇರೆ ಯಾವುದರೊಳಗೂ ಸರಿಯಾಗಿ ಕೂರುವುದಿಲ್ಲ. ಕಾರ್ಖಾನೆಯಲ್ಲಿ ಅಂಥ ಜೋಡಿಗೆ ಗಂಡ-ಹೆಂಡತಿ ಎನ್ನುತ್ತಾರೆ.

ಏಪ್ರಿಲ್ ಒಂಬತ್ತಕ್ಕೆ ತೊಮಿಯೆ ಅವರಿಗೆ ಅರವತ್ತು ತುಂಬುತ್ತಿತ್ತು. ಅರವತ್ತಕ್ಕೆ ನೌಕರಿ ಮುಗಿಯುತ್ತದೆ. ಆಮೇಲೆ ಕಂಪನಿ ಬೇಕೆಂದರೆ ವರ್ಷ ವರ್ಷದ ಕರಾರಿನ ಮೇಲೆ ಅರವತ್ತೈದರ ತನಕ ಇಟ್ಟುಕೊಳ್ಳುತ್ತದೆ. ಮಾಲೀಕ ಯಾಜಿಮಾ ಅವರನ್ನು ಎಲ್ಲರೂ ಶಾಚೋ ಎಂದೇ ಕರೆಯುತ್ತಾರೆ. ಹೊಸ ವರ್ಷದ ಮೊದಲ ಕೆಲಸದ ದಿನ ಅವರು ತೊಮಿಯೆ ಅವರ ಮೇಜಿನ ಬಳಿ ನಿಂತು, "ನಿಮ್ಮ ಕೈ ಗಟ್ಟಿಯಿರೋ ತನಕ ಈ ಮೇಜು ನಿಮ್ದೇ. ಕಾಗದ ರೆಡಿ ಇದೆ" ಎಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ತೊಮಿಯೆ ಅವರ ತಲೆಯಲ್ಲಿ ಉಳಿದದ್ದು ಅದರ ಮೊದಲ ಅರ್ಧ ಮಾತ್ರ.

ಆ ಚಳಿಗಾಲದಲ್ಲಿ ಕಾರ್ಖಾನೆ ಒಂದು ಹೊಸ ಲೆನ್ಸಿನ ಬೆನ್ನು ಹತ್ತಿತ್ತು. ಮೂವತ್ತೈದು ಮಿಲಿಮೀಟರಿನದು, ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು ಗಿಡ್ಡ. ಒಂದೇ ಗಾಜು, ಒಂದೇ ಬಳೆ, ಆದರೆ ಕ್ಯಾಮೆರಾಕ್ಕೆ ಸಿಕ್ಕಿಸುವ ಬಾಲ ಎರಡು ತರದ್ದು: ರೇಂಜ್‌ಫೈಂಡರ್ ಕ್ಯಾಮೆರಾಗಳಿಗೆ ಒಂದು, ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾಗಳಿಗೆ ಇನ್ನೊಂದು. ಮಿರರ್‌ಲೆಸ್ಸಿನವರು ಲೆನ್ಸು ಕಾಣುವುದನ್ನೇ ಪರದೆಯ ಮೇಲೆ ನೋಡುತ್ತಾರೆ. ಬಳೆ ಒಂದಿಷ್ಟು ಅಲುಗಿದರೂ ಕಣ್ಣೇ ಸರಿಮಾಡಿಕೊಳ್ಳುತ್ತದೆ. ರೇಂಜ್‌ಫೈಂಡರಿನಲ್ಲಿ ಹಾಗಲ್ಲ. ಅಲ್ಲಿ ನೋಡುವುದು ಬೇರೆ ಕಿಟಕಿಯಿಂದ. ಲೆನ್ಸಿನ ಬಾಲ ಕ್ಯಾಮೆರಾದೊಳಗಿನ ಸಣ್ಣದೊಂದು ತೋಳನ್ನು ಒತ್ತುತ್ತದೆ, ತೋಳು ಎಷ್ಟು ಸರಿಯಿತೋ ಅದನ್ನೇ ಕ್ಯಾಮೆರಾ ದೂರ ಎಂದು ನಂಬುತ್ತದೆ. ಬಳೆಗಳ ನಡುವೆ ಕೂದಲೆಳೆಯ ಕಾಲುಭಾಗ ಸಡಿಲವಿದ್ದರೂ ಸಾಕು, ಮೂಗಿನ ಬದಲು ಕಿವಿ ಸ್ಪಷ್ಟವಾಗಿ ಬರುತ್ತದೆ.

ಫೆಬ್ರವರಿಯ ಎರಡನೇ ಮಂಗಳವಾರ, ಬೆಳಿಗ್ಗೆ ಹತ್ತರ ಚಹಾದ ಹೊತ್ತಿಗೆ, ತೊಮಿಯೆ ಅವರು ರೇಂಜ್‌ಫೈಂಡರ್ ಲೆನ್ಸಿನ ನಾಲ್ಕು ಜೋಡಿ ಬಳೆಗಳನ್ನು ಜೋಡಿಸಿ ಮುಗಿಸಿದ್ದರು. ನಾಲ್ಕೂ ಕೈಗೆ ಪರಕೀಯವಾಗಿ ಬಂದಿದ್ದವು.

ಚಹಾ ಕುಡಿಯುವುದು ಕಿಟಕಿಯಿಂದ ದೂರ, ಒಲೆಯ ಹತ್ತಿರ. ಹಿಂದಿನ ದಿನದ ಹಿಮ ಹೊರಗೆ ಹಾಗೇ ಬಿದ್ದಿತ್ತು. ತೊಳೆಯುವ ಕೋಣೆಯ ಹನಾಓಕಾ ಅವರು ಮನೆಯಿಂದ ತಂದ ನೊಜಾವಾನಾ ಸೊಪ್ಪಿನ ಉಪ್ಪಿನಕಾಯಿಯ ಡಬ್ಬಿ ತೆರೆದಿಟ್ಟರು. ಈ ಮಹಡಿಯಲ್ಲಿ ಅದನ್ನು ಯಾರೂ ಬೆರಳಲ್ಲಿ ಮುಟ್ಟುವುದಿಲ್ಲ, ಉಪ್ಪಿನ ಬೆರಳು ಹಿತ್ತಾಳೆಗೆ ತಾಗಿದರೆ ಸಂಜೆಯೊಳಗೆ ಕಲೆ ಏಳುತ್ತದೆ. ಎಲ್ಲರೂ ಹಲ್ಲುಕಡ್ಡಿಯಲ್ಲಿ ಚುಚ್ಚಿ ತಿನ್ನುತ್ತಾರೆ. ತೊಮಿಯೆ ಅವರ ಕಡ್ಡಿ ಎರಡು ಸಲ ಕೈಯಿಂದ ಜಾರಿತು.

"ಏನು ತೋಮಿಸಾನ್, ಉಪ್ಪಿನಕಾಯಿ ಇನ್ನೂ ಜೀವಂತ ಇದೆಯಾ? ಹಿಡಿಯೋಕೇ ಆಗ್ತಿಲ್ಲ ನಿಂಗೆ" ಎಂದರು ನಿಶಿಜಾವಾ. ಅವರು ಕತ್ತಲೆ ಕೋಣೆಯಲ್ಲಿ ಕೂತು ಪ್ರತಿ ಲೆನ್ಸಿನ ಫೋಕಸ್ ಪರೀಕ್ಷಿಸುವವರು. ವಯಸ್ಸು ಅರವತ್ತಮೂರು, ನಾಲ್ಕನೇ ಕರಾರಿನಲ್ಲಿದ್ದಾರೆ. ಮೂವತ್ತು ವರ್ಷಗಳಿಂದ ತೊಮಿಯೆ ಅವರನ್ನು ಕೆಣಕುವುದು ಅವರ ಚಹಾದ ಒಂದು ಭಾಗ.

"ಚಳಿಗೆ ಕೈ ಮರಗಟ್ಟಿದೆ" ಎಂದರು ತೊಮಿಯೆ.

"ಇಪ್ಪತ್ತೈದಕ್ಕೆ ಗಂಡನ್ನ ಬಿಟ್ಟು ಬಂದ್ಲು," ನಿಶಿಜಾವಾ ಹನಾಓಕಾ ಅವರತ್ತ ತಿರುಗಿದರು, "ಬಂದವಳು ಇಲ್ಲಿ ಕೂತು ನಲವತ್ತು ಸಾವಿರ ಮದುವೆ ಮಾಡಿಸಿದ್ಲು. ಒಂದೂ ಮುರಿದಿಲ್ಲ. ಊರಲ್ಲಿ ದಲ್ಲಾಳಿ ಆಫೀಸು ಇಟ್ಟಿದ್ರೆ ಇಷ್ಟೊತ್ತಿಗೆ ಬಿಲ್ಡಿಂಗ್ ಕಟ್ತಿದ್ಲು."

"ನಿಮ್ಮನೆಯವ್ರು ನಿಮ್ಮನ್ನ ಇನ್ನೂ ಇಟ್ಕೊಂಡಿದಾರಲ್ಲ, ಆ ಮದುವೆ ಯಾರು ಮಾಡಿಸಿದ್ದು? ಅವ್ರ ಕಾಲಿಗೆ ಬೀಳ್ಬೇಕು" ಎಂದರು ಹನಾಓಕಾ.

ನಿಶಿಜಾವಾ ನಕ್ಕರು. ತೊಮಿಯೆ ಅವರೂ ನಕ್ಕು, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದು, ಎಲ್ಲರಿಗಿಂತ ಮೊದಲು ಎದ್ದರು. ನಿಶಿಜಾವಾ ಅದನ್ನು ಗಮನಿಸಿದರು.

ನವೆಂಬರಿನಲ್ಲಿ ತೊಮಿಯೆ ಅವರು ಒಂದು ಶನಿವಾರ ಬಸ್ಸು ಹತ್ತಿ ನಗಾನೊಗೆ ಹೋಗಿ ಡಾಕ್ಟರಿಗೆ ಕೈ ತೋರಿಸಿ ಬಂದಿದ್ದರು. ಡಾಕ್ಟರು ಮಣಿಕಟ್ಟಿನ ಒಳಗೆ ಬೆರಳಿಂದ ತಟ್ಟಿದಾಗ ಹೆಬ್ಬೆರಳಿಂದ ನಡುಬೆರಳ ತನಕ ಸೂಜಿ ಚುಚ್ಚಿದಂತೆ ಆಗಿತ್ತು. ನರ ಒತ್ತಿಕೊಂಡಿದೆ, ಇಪ್ಪತ್ತು ನಿಮಿಷದ ಆಪರೇಷನ್ನು, ಆದರೆ ಆರು ವಾರ ಸೂಕ್ಷ್ಮದ ಕೆಲಸ ಕೂಡದು, ಸ್ಪರ್ಶ ಎಷ್ಟು ಮರಳುತ್ತದೆ ಎಂದು ಈಗಲೇ ಹೇಳಲಾಗದು ಎಂದರು. "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದಾಗ ತೊಮಿಯೆ, "ಕಾರ್ಖಾನೆಯಲ್ಲಿ" ಎಂದಷ್ಟೇ ಹೇಳಿದ್ದರು. ಹೊಸ ಲೆನ್ಸು ಹೊರಬಂದ ಮೇಲೆ ನೋಡೋಣ, ಕರಾರಿಗೆ ಸಹಿಯಾದ ಮೇಲೆ ನೋಡೋಣ ಎಂದುಕೊಂಡು ಡಾಕ್ಟರು ಕೊಟ್ಟ ಕಾಗದವನ್ನು ಚೀಲದ ಒಳಜೇಬಿಗೆ ಹಾಕಿದ್ದರು.

ಡಿಸೆಂಬರು, ಜನವರಿ ಹೇಗೋ ಸಾಗಿದವು. ಬೆಳಿಗ್ಗೆ ಬೆರಳು ಮಂದ, ಹತ್ತು ಗಂಟೆಯ ಮೇಲೆ ಸ್ವಲ್ಪ ಎಚ್ಚರ. ಮಂದವಿದ್ದಾಗ ಅವರು ನಿಧಾನ ಮಾಡುತ್ತಿದ್ದರು, ಮೀಟರನ್ನು ಎರಡು ಸಲ ನೋಡುತ್ತಿದ್ದರು. ಕೆಲಸ ಕೆಟ್ಟಂತೆ ಕಾಣಲಿಲ್ಲ. ಆದರೆ ಒಂದು ಹೊಸ ಅಭ್ಯಾಸ ಅಂಟಿಕೊಂಡಿತು: ಕೈ ಹೇಳಿದ್ದಕ್ಕೂ ಮೀಟರು ಹೇಳಿದ್ದಕ್ಕೂ ಜಗಳ ಬಂದರೆ ಅವರು ಮೀಟರಿನ ಪಕ್ಷ ವಹಿಸುತ್ತಿದ್ದರು. ಹಿಂದೆ ಹಾಗಿರಲಿಲ್ಲ.

ಆ ಮಂಗಳವಾರ ಚಹಾ ಮುಗಿಸಿ ಬಂದು ಐದನೇ ಜೋಡಿ ಎತ್ತಿಕೊಂಡರು. ಎರಡು ತಟ್ಟೆಗಳು ಅವರ ಮುಂದಿದ್ದವು. ಎಡಗಡೆಯದು ಇಪ್ಪತ್ತನಾಲ್ಕು ಒಳಬಳೆಗಳದು, ಬಲಗಡೆಯದು ಇಪ್ಪತ್ತನಾಲ್ಕು ಹೊರಬಳೆಗಳದು, ಆರಾರು ಗುಳಿಗಳ ನಾಲ್ಕು ಸಾಲು. ಮೊದಲೆಲ್ಲ ಉಜ್ಜಿ ಮುಗಿಸಿದ ಜೋಡಿಯನ್ನು ಹತ್ತಿದಾರದಲ್ಲಿ ಕಟ್ಟಿ ತೊಳೆಯಲು ಕಳಿಸುತ್ತಿದ್ದರು. ಹೋದ ವರ್ಷ ಹೊಸ ತೊಳೆಯುವ ಯಂತ್ರ ಬಂತು. ದಾರದ ಎಳೆ ಅದರ ಸೋಸುವ ಜಾಲರಿಗೆ ಸಿಕ್ಕಿಕೊಳ್ಳುತ್ತದೆಂದು ದಾರ ನಿಂತಿತು. ಬಳೆಯ ಒಳಮೈಗೆ ಅಂಕಿ ಗೀರೋಣವೆಂದರೆ ಅಲ್ಲಿ ಕಪ್ಪು ಲೇಪ, ಗೀರು ಮಿನುಗಿದರೆ ಚಿತ್ರದಲ್ಲಿ ಬೆಳಕು ಚೆಲ್ಲುತ್ತದೆ ಎಂದು ವಿನ್ಯಾಸದವರು ಬೇಡವೆಂದರು. ಕೊನೆಗೆ ಈ ತಟ್ಟೆಗಳು ಬಂದವು. ಒಳಬಳೆಯ ತಟ್ಟೆಯ ಮೂರನೇ ಗುಳಿಯಲ್ಲಿದ್ದದ್ದು ಹೊರಬಳೆಯ ತಟ್ಟೆಯ ಮೂರನೇ ಗುಳಿಯದರ ಜೋಡಿ. ಪ್ರತಿ ತಟ್ಟೆಯ ಒಂದು ಮೂಲೆಗೆ ಕೆಂಪು ಬಣ್ಣದ ಬೊಟ್ಟು. ಎರಡೂ ಬೊಟ್ಟು ಎಡ ಮೇಲ್ಗಡೆ ಬರಬೇಕು. ಒಂದು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಐದನೆಯದು ಒಣಗಿದಂತೆ ತಿರುಗಿತು. ನಿನ್ನೆ ಮಧ್ಯಾಹ್ನ ಇದೇ ಬಳೆಗಳನ್ನು ತಾವೇ ಉಜ್ಜಿದ್ದರು, ಕೊನೆಕೊನೆಗೆ ಒಳಬಳೆ ತನ್ನ ಭಾರಕ್ಕೇ ಇಳಿಯುವಷ್ಟು ನಯವಾಗಿತ್ತು. ಈಗ ಒಂದು ಕಡೆ ಸುಮ್ಮನೆ ಜಾರುತ್ತದೆ, ಇನ್ನೊಂದು ಕಡೆ ಮರಳಿನ ಮೇಲೆ ಹೋದ ಹಾಗೆ. ಆರನೆಯದು ಉದ್ದಕ್ಕೂ ಸಡಿಲ. ಏಳನೆಯದು ಅರ್ಧಕ್ಕೆ ಬಂದು ತಡೆಯಿತು. ತೊಮಿಯೆ ಬಲಗೈಯನ್ನು ಒಲೆಯ ಬಳಿ ಕಾಯಿಸಿಕೊಂಡು ಬಂದರು. ಎಂಟನೆಯದೂ ಹಾಗೇ.

ಒಂದೆರಡು ಜೋಡಿ ಹೀಗೆ ಬಂದಿದ್ದರೆ ಬಳೆಯ ಮೇಲೆ ಅನುಮಾನ ಬರುತ್ತಿತ್ತು. ಎಲ್ಲವೂ ಹೀಗೇ ಬಂದಾಗ ಅವರಿಗೆ ಒಂದೇ ಅರ್ಥ ಹೊಳೆಯಿತು. ಬೆರಳು ಹೋಯಿತು. ನಿನ್ನೆಯ ತನಕ ಮಂದವಾಗಿದ್ದದ್ದು ಇವತ್ತು ಸುಳ್ಳು ಹೇಳುವುದಕ್ಕೆ ಶುರುಮಾಡಿತು.

ಅವರು ಎದ್ದು ಹೋಗಿ ಯಾರಿಗೂ ಹೇಳಲಿಲ್ಲ. ಮೂವತ್ತನಾಲ್ಕು ವರ್ಷದ ಕಸುಬಿನಿಂದ ಬರುವ ಕೆಲಸವನ್ನೇ ಮಾಡಿದರು. ಮೀಟರಿನಲ್ಲಿ ಮುಳ್ಳು ನಾಲ್ಕರಿಂದ ಆರರ ನಡುವೆ ನಿಲ್ಲಬೇಕು. ಸಡಿಲವಾದದ್ದಕ್ಕೆ ಮೂರನೇ ಡಬ್ಬಿಯ ದಪ್ಪ ಗ್ರೀಸು, ಬಿಗಿಯಾದದ್ದಕ್ಕೆ ಮೊದಲ ಡಬ್ಬಿಯ ತೆಳು ಗ್ರೀಸು, ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲವಾದದ್ದಕ್ಕೆ ಎರಡನ್ನೂ ಬಿದಿರು ಕಡ್ಡಿಯಲ್ಲಿ ಕಲಸಿ, ಥ್ರೆಡ್ಡಿನ ಯಾವ ಭಾಗಕ್ಕೆ ಎಷ್ಟು ಎಂದು ಲೆಕ್ಕ ಹಾಕಿ ಹಚ್ಚಿದರು. ಹೀಗೆ ಮಾಡಬಲ್ಲವರು ಜಪಾನಿನಲ್ಲಿ ಹತ್ತು ಜನರೂ ಇರಲಾರರು. ಸಂಜೆ ಐದರ ಹೊತ್ತಿಗೆ ಇಪ್ಪತ್ತನಾಲ್ಕೂ ಮೀಟರಿನಲ್ಲಿ ಪಾಸಾದವು. ಚೀಟಿಗಳ ಮೇಲೆ ತಮ್ಮ ಮುದ್ರೆ ಒತ್ತಿ ಗಾಜು ಕೂರಿಸುವ ವಿಭಾಗಕ್ಕೆ ಕಳಿಸಿ, ಮೇಜು ಒರೆಸಿ, ಮನೆಗೆ ಹೋದರು.

ಮಾರನೆಯ ದಿನ ಮಧ್ಯಾಹ್ನ ಒಂದೂವರೆಗೆ ಶಾಚೋ ಅವರ ಕೋಣೆಯ ಬಾಗಿಲು ತಟ್ಟಿದರು. ಯಾಜಿಮಾ ಅವರಿಗೆ ನಲವತ್ತಾರು. ಅವರು ಶಾಲೆಯ ಚೀಲ ಹೊತ್ತು ಅಪ್ಪನನ್ನು ನೋಡಲು ಕಾರ್ಖಾನೆಗೆ ಬರುತ್ತಿದ್ದದ್ದನ್ನು ತೊಮಿಯೆ ಕಂಡಿದ್ದಾರೆ. ಮೇಜಿನ ಮೇಲೆ ಯೊಕೊಹಾಮಾದ ಕ್ಯಾಮೆರಾ ಪ್ರದರ್ಶನಕ್ಕೆ ಒಯ್ಯುವ ಕಾಗದಗಳು ಹರಡಿದ್ದವು. ಅದರಲ್ಲಿ ಒಂದು ಸಾಲು ತೊಮಿಯೆ ಅವರಿಗೆ ಗೊತ್ತಿತ್ತು, ಓದಲು ಕೊಟ್ಟಿದ್ದರು: ಪ್ರತಿ ಲೆನ್ಸಿನ ಬಳೆಗಳನ್ನು ಕೈಯಲ್ಲೇ ಹೊಂದಿಸಲಾಗಿದೆ.

"ಕೂತ್ಕೊಳ್ಳಿ ತೋಮಿಸಾನ್. ಚಹಾ?"

"ಬೇಡ. ಏಪ್ರಿಲ್‌ದು ಆ ಕಾಗದ ಇದೆಯಲ್ಲ, ಅದು ನಂಗೆ ಬೇಡ ಅಂತ ಹೇಳೋಕೆ ಬಂದೆ."

ಯಾಜಿಮಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಸಂಬಳದ ವಿಷಯನಾ?"

"ಅಲ್ಲ. ಕೈ ಗಟ್ಟಿಯಿರೋ ತನಕ ಅಂದ್ರಲ್ಲ. ಕೈ ಹೋಯ್ತು."

"ಯಾವಾಗಿಂದ?"

"ನವೆಂಬರಿಂದ ಜೋಮು. ನಿನ್ನೆ ಪೂರ್ತಿ ಹೋಯ್ತು. ಇಪ್ಪತ್ನಾಲ್ಕು ಜೋಡಿ ಕೂರಿಸ್ದೆ, ಒಂದೂ ಕೈಗೆ ಗೊತ್ತಾಗ್ಲಿಲ್ಲ. ನಾನೇ ಉಜ್ಜಿದ್ದು, ನಂಗೇ ಪರಿಚಯ ಸಿಗ್ಲಿಲ್ಲ."

"ಮೀಟರಲ್ಲಿ?"

"ಪಾಸು."

"ಹಾಗಾದ್ರೆ ತಪ್ಪೆಲ್ಲಿ ಬಂತು? ನಿಮ್ಗೆ ಸುಸ್ತಾಗಿರ್ಬಹುದು."

"ಮೀಟರಿಗೆ ನಾನೇ ಗ್ರೀಸಿಂದ ಸಮಾಧಾನ ಹೇಳಿದೀನಿ" ಎಂದರು ತೊಮಿಯೆ.

ಅಷ್ಟರಲ್ಲಿ ಮೇಜಿನ ಫೋನು ರಿಂಗಾಯಿತು. ಆಚೆಯ ದನಿ ತೊಮಿಯೆ ಅವರಿಗೂ ಕೇಳಿಸಿತು. ನಿಶಿಜಾವಾ ಅವರು ಫೋನಿನಲ್ಲಿ ಕೂಗಿಯೇ ಮಾತಾಡುವವರು. "ಶಾಚೋ, ತೋಮಿಸಾನ್ ಅಲ್ಲಿದ್ರೆ ಕಳ್ಸಿ. ನೀವೂ ಬನ್ನಿ. ಇವಳ ನಿನ್ನೆಯ ಮದುವೆಗಳೆಲ್ಲ ಮುರಿದುಬಿದ್ದಿವೆ."

ಕತ್ತಲೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಲೆನ್ಸುಗಳನ್ನು ಎರಡು ಗುಂಪಾಗಿ ಇಟ್ಟಿದ್ದರು. ಗಾಜು ಕೂರಿಸಿ ಬಂದದ್ದು ಇಪ್ಪತ್ತು. ಉಳಿದ ನಾಲ್ಕು ಇನ್ನೂ ಆ ವಿಭಾಗದಲ್ಲೇ ಇದ್ದವು. ನಿಶಿಜಾವಾ ಪ್ರತಿಯೊಂದನ್ನೂ ಮೂರು ಮೀಟರ್ ದೂರಕ್ಕೆ ಎರಡು ಸಲ ಫೋಕಸ್ ಮಾಡುತ್ತಾರೆ, ಒಮ್ಮೆ ದೂರದಿಂದ ಹತ್ತಿರಕ್ಕೆ ಬರುತ್ತ, ಒಮ್ಮೆ ಹತ್ತಿರದಿಂದ ದೂರಕ್ಕೆ ಹೋಗುತ್ತ. ಎರಡು ದಾರಿಯಲ್ಲಿ ಬಂದರೂ ಒಂದೇ ಜಾಗದಲ್ಲಿ ನಿಲ್ಲಬೇಕು.

"ಹನ್ನೊಂದು ನಿಲ್ತಾ ಇಲ್ಲ," ಎಂದರು ನಿಶಿಜಾವಾ. "ಹೋಗ್ತಾ ಒಂದು ಕಡೆ, ಬರ್ತಾ ಇನ್ನೊಂದು ಕಡೆ. ನಿಂತಿರೋ ಒಂಬತ್ತೂ ಕುಡ್ಕೊಂಡು ನಿಂತ ಹಾಗಿವೆ. ಮಿರರ್‌ಲೆಸ್ಸಿಗೆ ಹೋಗೋ ಮಾಲಾಗಿದ್ರೆ ನಾನು ಬಿಟ್ಟೇ ಬಿಡ್ತಿದ್ದೆ, ಅದ್ರಲ್ಲಿ ಒಂದೇ ದಿಕ್ಕು ನೋಡೋದು." ಆಮೇಲೆ ದನಿ ತಗ್ಗಿಸಿ, "ಏನಾಯ್ತು ತೋಮಿ? ನಿನ್ನ ಕೈಯಿಂದ ಹೀಗೆ ಬಂದಿದ್ದು ನಾನು ನೋಡೇ ಇಲ್ಲ" ಎಂದರು. ಹೆಸರಿನ ಕೊನೆಗೆ ಗೌರವಕ್ಕೆ ಸೇರಿಸುವ ಸಾನ್ ಎಂಬುದನ್ನು ಅವರು ಬಿಟ್ಟದ್ದು ಅದೇ ಮೊದಲು.

"ಕೈ ಹೋಗಿದೆ" ಎಂದರು ತೊಮಿಯೆ. ಎರಡನೇ ಸಲ ಹೇಳುವಾಗ ಅಷ್ಟು ಕಷ್ಟವಾಗಲಿಲ್ಲ.

ಶಾಚೋ ಒಂದು ಲೆನ್ಸನ್ನೆತ್ತಿ ತಿರುಗಿಸಿ ನೋಡಿದರು, ಅವರಿಗೆ ಏನೂ ತಿಳಿಯಲಿಲ್ಲ. ತೊಮಿಯೆ ಗಾಜು ಕೂರದ ನಾಲ್ಕು ಜೋಡಿಗಳನ್ನು ತರಿಸಿ, ಚೀಟಿಯ ಸಂಖ್ಯೆ ನೋಡಿದರು: ಒಂದು, ಎರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು. ನಿನ್ನೆ ಮೊದಲು ಮಾಡಿದ್ದೂ ಕೊನೆಗೆ ಮಾಡಿದ್ದೂ ಪೆಟ್ಟಿಗೆಯ ಎರಡು ತುದಿಯಲ್ಲಿ ಉಳಿದುಹೋಗಿದ್ದವು. ಬಿಡಿಸಿ ಎಂಟು ಬಳೆಗಳನ್ನೂ ಪೆಟ್ರೋಲಿನಲ್ಲಿ ಒರೆಸಿ ಗ್ರೀಸಿಲ್ಲದಂತೆ ಮಾಡಿದರು. ಏಕೆ ಹಾಗೆ ಮಾಡಿದರೆಂದು ಅವರಿಗೂ ಗೊತ್ತಿರಲಿಲ್ಲ. ಕೆಟ್ಟ ಕೆಲಸವನ್ನು ಬಿಚ್ಚಿಡುವುದು ಅಭ್ಯಾಸ. ಒಂದನೆಯ ಒಳಬಳೆಯನ್ನು ಅದರ ಹೊರಬಳೆಗೆ ಒಣಗಿದ್ದಾಗಲೇ ಹೊಗಿಸಿದರು. ಕಾಲು ಸುತ್ತಿಗೆ ಕಚ್ಚಿತು.

ಹತ್ತಿರ ಇದ್ದ ಇನ್ನೊಂದು ಹೊರಬಳೆ ಎತ್ತಿಕೊಂಡರು. ಅದೂ ಆಗಲಿಲ್ಲ. ಮೂರನೆಯದನ್ನು ಹಿಡಿದು ಒಳಬಳೆಯನ್ನು ಅದರ ಬಾಯಿಗೆ ಇಟ್ಟರು. ಬೆರಳು ಬಿಟ್ಟರು. ಬಳೆ ತನ್ನ ಭಾರಕ್ಕೆ ತಾನೇ ತಿರುಗುತ್ತ, ಆತುರವಿಲ್ಲದೆ, ತಳದ ತನಕ ಇಳಿದು ನಿಂತಿತು.

"ಇದು ಯಾವ್ದು?" ಶಾಚೋ ಕೇಳಿದರು.

ತೊಮಿಯೆ ಚೀಟಿ ನೋಡಿದರು. ಇಪ್ಪತ್ತನಾಲ್ಕರ ಹೊರಬಳೆ. ಏನೂ ಮಾತಾಡದೆ ಎರಡನೆಯ ಒಳಬಳೆ ಎತ್ತಿಕೊಂಡು ಇಪ್ಪತ್ತಮೂರರ ಹೊರಬಳೆಗೆ ಇಟ್ಟರು. ಅದೂ ಹಾಗೇ ಇಳಿಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹನಾಓಕಾ ಅವರು ಎರಡನೇ ಮಹಡಿಗೆ ಓಡಿದರು. ಬರುವಾಗ ಎರಡೂ ತಟ್ಟೆಗಳನ್ನು ಎದೆಗವಚಿಕೊಂಡಿದ್ದರು. ಒಳಬಳೆಯ ತಟ್ಟೆಯಲ್ಲಿ ಕೆಂಪು ಬೊಟ್ಟು ಇತ್ತು. ಹೊರಬಳೆಯ ತಟ್ಟೆಯಲ್ಲಿ ಯಾವ ಮೂಲೆಯಲ್ಲೂ ಇರಲಿಲ್ಲ. ವರ್ಷವಿಡೀ ತೊಳೆಯುವ ದ್ರಾವಣದಲ್ಲಿ ಮುಳುಗಿ ಮುಳುಗಿ ಬಣ್ಣ ಕರಗಿಹೋಗಿತ್ತು, ಸೋಮವಾರ ಸಂಜೆ ಕೊನೆಯ ಚೂರೂ ಹೋಗಿತ್ತು. ಯಂತ್ರದಿಂದ ತೆಗೆದಾಗ ತಟ್ಟೆ ಅರ್ಧ ಸುತ್ತು ತಿರುಗಿತ್ತು. ಮೊದಲನೆಯ ಗುಳಿ ಕೊನೆಯದಾಗಿತ್ತು, ಎರಡನೆಯದು ಕೊನೆಯಿಂದ ಎರಡನೆಯದು. ಇಪ್ಪತ್ತನಾಲ್ಕರಲ್ಲಿ ಒಂದು ಜೋಡಿಯೂ ಸರಿಯಾಗಿ ಸೇರುವುದು ಸಾಧ್ಯವಿರಲಿಲ್ಲ.

"ನಾನೇ ಇಟ್ಟಿದ್ದು," ಹನಾಓಕಾ ತಲೆ ಬಗ್ಗಿಸಿ ನಿಂತರು. "ಬೊಟ್ಟು ಇಲ್ಲ ಅಂತ ನೋಡ್ಲೇ ಇಲ್ಲ. ಯಾವಾಗ್ಲೂ ಇಡೋ ಹಾಗೇ ಇಟ್ಟೆ. ತಪ್ಪಾಯ್ತು, ತೋಮಿಸಾನ್."

"ನಾನೂ ನೋಡ್ಲಿಲ್ಲ."

ಮೊದಲು ನಕ್ಕವರು ನಿಶಿಜಾವಾ. "ಹಾಗಾದ್ರೆ ಕೈ ಹೋಗಿಲ್ಲ! ಕೈ ಬೊಬ್ಬೆ ಹೊಡೀತಾ ಇತ್ತು, ಇವನು ನನ್ನ ಗಂಡ ಅಲ್ಲ, ಅಲ್ಲ ಅಂತ. ನೀನು ಬಾಯಿಗೆ ಗ್ರೀಸು ಹಚ್ಚಿ ಮುಚ್ಚಿಸ್ದೆ."

ತೊಮಿಯೆ ನಗಲಿಲ್ಲ. ಅವರು ಎರಡನೆಯ ಒಳಬಳೆಯನ್ನು ಹೊರಗೆ ತೆಗೆದು, ಮತ್ತೆ ಇಳಿಸಿ, ಮತ್ತೆ ತೆಗೆದರು. ಹೆಬ್ಬೆರಳಿಗೆ ಜೋಮು ಹಾಗೇ ಇತ್ತು. ಬಳೆಯ ನಯವೂ ತಿಳಿಯುತ್ತಿತ್ತು, ದಪ್ಪ ಬಟ್ಟೆಯ ಆಚೆಯಿಂದ ಮುಟ್ಟಿದಂತೆ. ಅಷ್ಟು ತಿಳಿದರೂ ನಿನ್ನೆ ಸಾಕಾಗುತ್ತಿತ್ತು. ಐದನೆಯ ಜೋಡಿಯಲ್ಲೇ ಕೆಲಸ ನಿಲ್ಲಿಸಿ, ಇದು ನಾನು ಉಜ್ಜಿದ ಜೋಡಿಯಲ್ಲ ಎಂದು ಹೇಳಿದ್ದರೆ ಹನಾಓಕಾ ಅವರು ತಟ್ಟೆ ನೋಡುತ್ತಿದ್ದರು, ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಹೇಳಬೇಕಾದರೆ ಬೆರಳಿನ ಮಾತು ಬರುತ್ತಿತ್ತು. ಬೆರಳಿನ ಮಾತು ಬಂದರೆ ಏಪ್ರಿಲಿನ ಕಾಗದದ ಮಾತು. ಅದಕ್ಕೆ ಹೆದರಿ, ಕೈ ಒಪ್ಪದ್ದು ಗೊತ್ತಿದ್ದೂ, ಉಳಿದ ಹತ್ತೊಂಬತ್ತು ಜೋಡಿಗಳಿಗೆ ಗ್ರೀಸು ಕಲಸಿ ಮುದ್ರೆ ಒತ್ತಿದ್ದರು. ಇದನ್ನು ಅವರು ಅಲ್ಲಿದ್ದವರಿಗೆ ಇದೇ ಕ್ರಮದಲ್ಲಿ, ದನಿ ಏರಿಸದೆ ಹೇಳಿದರು.

ಶಾಚೋ ತಟ್ಟೆಯ ಖಾಲಿ ಮೂಲೆಯನ್ನು ಬೆರಳಲ್ಲಿ ಒರೆಸಿ ನೋಡಿದರು. "ಡಾಕ್ಟರಿಗೆ ತೋರಿಸಿದ್ರಾ? ಏನಂದ್ರು?"

"ಆಪರೇಷನ್ನು. ಆಮೇಲೆ ಆರು ವಾರ ಕೆಲಸಕ್ಕೆ ಕೂರೋ ಹಾಗಿಲ್ಲ. ಎಷ್ಟು ವಾಪಸ್ ಬರುತ್ತೋ ಅವ್ರಿಗೂ ಗೊತ್ತಿಲ್ಲ."

"ನವೆಂಬರಲ್ಲೇ ಹೇಳಿದ್ರೆ ಇಷ್ಟೊತ್ತಿಗೆ ಮೇಜಿಗೆ ವಾಪಸ್ ಬಂದಿರ್ತಿದ್ರಿ."

"ಹೌದು."

"ಕೈ ಗಟ್ಟಿಯಿರೋ ತನಕ ಅಂತ ನಾನು ಅಂದಿದ್ದು ತಪ್ಪಾಯ್ತೇನೋ" ಎಂದರು ಯಾಜಿಮಾ. ತೊಮಿಯೆ ಬಳೆಗಳನ್ನು ಬಟ್ಟೆಯಲ್ಲಿ ಒರೆಸತೊಡಗಿದರು. ತಪ್ಪು ಎಂದು ಹೇಳಿದ್ದರೆ ಮಾಲೀಕರಿಗೆ ಎದುರಾಡಿದಂತಾಗುತ್ತಿತ್ತು. ತಪ್ಪಲ್ಲ ಎನ್ನಲು ಅವರಿಗೆ ಮನಸ್ಸಿರಲಿಲ್ಲ.

ಮುಂದಿನ ಎರಡು ವಾರ ಹೀಗೆ ಕಳೆದವು. ಇಪ್ಪತ್ತು ಲೆನ್ಸುಗಳ ಗಾಜು ಬಿಚ್ಚಿ, ಬಳೆಗಳನ್ನು ತೊಳೆದು, ತೊಮಿಯೆ ಜೋಡಿಗಳನ್ನು ಮರಳಿ ಸೇರಿಸಿದರು. ತಟ್ಟೆಗಳ ಒಂದು ಮೂಲೆಯನ್ನೇ ಗರಗಸದಿಂದ ಕತ್ತರಿಸಿ ತೆಗೆದರು; ಅದು ಕರಗುವುದಿಲ್ಲ. ಡಿಸೆಂಬರಿನಿಂದ ಅವರ ಕೈಯಿಂದ ಹೋಗಿ ಗೋದಾಮಿನಲ್ಲಿದ್ದ ನೂರ ಎಂಬತ್ತು ಮಿರರ್‌ಲೆಸ್ ಲೆನ್ಸುಗಳನ್ನು ನಿಶಿಜಾವಾ ಈ ಸಲ ಎರಡೂ ದಿಕ್ಕಿನಿಂದ ನೋಡಿದರು. ಮೂರು ಹಿಂದಕ್ಕೆ ಬಂದವು. ಅವುಗಳಲ್ಲಿ ತಟ್ಟೆಯ ತಪ್ಪಿರಲಿಲ್ಲ, ಬೆರಳಿನದೇ ತಪ್ಪು. ತೊಮಿಯೆ ಮೂರನ್ನೂ ಮತ್ತೆ ಉಜ್ಜಿ ಕೊಟ್ಟರು. ಯೊಕೊಹಾಮಾದ ಪ್ರದರ್ಶನದಲ್ಲಿ ಶಾಚೋ ಮಿರರ್‌ಲೆಸ್ಸಿನ ಲೆನ್ಸು ಮಾರ್ಚಿಗೆ ಎಂದೂ, ರೇಂಜ್‌ಫೈಂಡರಿನದು ಜೂನಿಗೆ ಎಂದೂ ಹೇಳಿದರು. ಕಾರಣ ಕೇಳಿದವರಿಗೆ ಜೋಡಣೆಯ ಕೆಲಸ ಬಾಕಿಯಿದೆ ಎಂದಷ್ಟೇ ಉತ್ತರ ಸಿಕ್ಕಿತು. ಮುಂಗಡ ಬರೆಸಿದವರಲ್ಲಿ ಹದಿನೇಳು ಜನ ಬೇಡವೆಂದರು.

ಆಪರೇಷನ್ನು ಮಾರ್ಚ್ ಮೂರಕ್ಕೆ ಆಯಿತು. ತೊಮಿಯೆ ಅವರಿಗೆ ಅರವತ್ತು ತುಂಬಿದ ದಿನ ಕೈಗೆ ಪಟ್ಟಿಯಿತ್ತು. ಶಾಚೋ ತಾವೇ ಕಾರು ಓಡಿಸಿಕೊಂಡು ಅವರ ಮನೆಗೆ ಬಂದರು. ತಂದ ಕರಾರಿನಲ್ಲಿ ಅಚ್ಚಾದ ಸಾಲುಗಳ ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದರು: ಜೋಡಿಸುವವರಿಗೆ ಬಳೆಗಳ ಮೇಲೆ ಅನುಮಾನ ಬಂದರೆ, ಮೀಟರು ಏನೇ ತೋರಿಸಿದರೂ, ಕೆಲಸ ನಿಲ್ಲಿಸಿ ಹೇಳತಕ್ಕದ್ದು.

"ಇದು ನಂಗೆ ಅಧಿಕಾರ ಕೊಟ್ಟಿದ್ದಾ, ಶಿಕ್ಷೆನಾ?" ತೊಮಿಯೆ ಕೇಳಿದರು.

"ನಂಗೂ ಸರಿಯಾಗಿ ಗೊತ್ತಿಲ್ಲ. ವಕೀಲರು ಇಂಥದ್ದೆಲ್ಲ ಕರಾರಲ್ಲಿ ಬರಿಯೋ ಹಾಗಿಲ್ಲ ಅಂದ್ರು."

"ಮತ್ತೆ?"

"ಬರ್ದೆ."

ತೊಮಿಯೆ ಎಡಗೈಯಲ್ಲಿ ಮುದ್ರೆ ಒತ್ತಿದರು. ಸ್ವಲ್ಪ ಓರೆಯಾಗಿ ಬಿತ್ತು.

ಏಪ್ರಿಲ್ ಇಪ್ಪತ್ತೊಂದಕ್ಕೆ ಅವರು ಮೇಜಿಗೆ ಮರಳಿದರು. ಹೆಬ್ಬೆರಳು, ತೋರುಬೆರಳು ಬಹುಮಟ್ಟಿಗೆ ಎಚ್ಚೆತ್ತಿದ್ದವು. ನಡುಬೆರಳ ತುದಿ ಇನ್ನೂ ಬಟ್ಟೆಯ ಆಚೆಯೇ ಇತ್ತು, ಡಾಕ್ಟರು ಅದು ಅಲ್ಲೇ ಉಳಿಯಬಹುದು ಎಂದಿದ್ದರು. ಮೊದಲ ದಿನ ಅವರಿಗೆ ಹತ್ತು ಜೋಡಿ ಕೊಟ್ಟರು. ಎಲ್ಲವೂ ಮೀಟರಿನಲ್ಲಿ ಪಾಸಾದವು. ಎರಡನ್ನು ತೊಮಿಯೆ ಪಕ್ಕಕ್ಕಿಟ್ಟು, ಫೋನು ಎತ್ತಿ, ನಿಶಿಜಾವಾ ಅವರನ್ನು ಕರೆದರು.

"ಏನಾಗಿದೆ ಇವಕ್ಕೆ?"

"ಗೊತ್ತಿಲ್ಲ. ಕೈ ಒಪ್ತಾ ಇಲ್ಲ."

ನಿಶಿಜಾವಾ ಎರಡನ್ನೂ ಒಯ್ದು ಒಂದು ಗಂಟೆ ಕೂತರು. ಒಂದರ ಥ್ರೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಏಟು ಸಿಕ್ಕಿತು. ಇನ್ನೊಂದನ್ನು ಎಷ್ಟು ಸಲ ನೋಡಿದರೂ ದೋಷ ಸಿಗಲಿಲ್ಲ.

"ಇದು ಚೆನ್ನಾಗೇ ಇದೆ ತೋಮಿಸಾನ್. ನಿನ್ನ ನಡುಬೆರಳು ಜಗಳ ತೆಗೀತಿದೆ."

"ಇರ್ಬಹುದು" ಎಂದರು ತೊಮಿಯೆ. ಆ ಜೋಡಿಯನ್ನು ಎತ್ತಿಕೊಂಡು, ಉಜ್ಜುವ ಪೇಸ್ಟು ಹಚ್ಚಿ, ಮೊದಲಿನಿಂದ ತಿರುಗಿಸಲು ಶುರುಮಾಡಿದರು.